ಕಿರಂಗೂರಿನ ಎಂಡ್ರಿಕಪ್ಪ

ತೀರಿಕೊಂಡು ನಾಲ್ಕು ವರ್ಷವಾಗಿದ್ದ ಚಿಕ್ಕಸ್ವಾಮಿಗೌಡರು ಒಂದು ಸಂಜೆ ಕಿರಂಗೂರಿನ ನಾಲೆ ಏರಿಯ ಮೇಲೆ ನನ್ನನ್ನು ಹಿಂದಿನಿಂದ ಕರೆದರು. ಮೊದಲು ಗಂಟಲಲ್ಲಿ ಒಂದು ಒಣ ಕೆಮ್ಮು, ಅದರ ಹಿಂದೆ ಯಾರೋ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಯೋಚಿಸುವಷ್ಟು ಮೌನ, ಆಮೇಲೆ "ಅದಲ್ಲ ಮೇಷ್ಟ್ರೇ, ನಾ ಏಳಾದ್ ಕೇಳಿ" ಎಂಬ ಅವರ ಮಾಮೂಲಿ ಪೀಠಿಕೆ. ಮುಸ್ಸಂಜೆಯಲ್ಲಿ ಬೆನ್ನ ಹಿಂದಿನಿಂದ ಕರೆ ಬಂದರೆ ಮೂರು ಸಲ ಕೇಳುವ ತನಕ ಓಗೊಡಬಾರದೆಂದು ನನ್ನ ತಾಯಿ ಮಂಚಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಪಾಂಡವಪುರದ ಕಾಲೇಜಿನಲ್ಲಿ ಅದೇ ಮಧ್ಯಾಹ್ನ ವೈಚಾರಿಕ ಮನೋಭಾವದ ಬಗ್ಗೆ ಗಂಟಲು ಹರಿಯುವಂತೆ ಪಾಠ ಹೇಳಿ ಬಸ್ಸಿಳಿದಿದ್ದ ನಾನು, ನಾಚಿಕೆಯಿಲ್ಲದೆ ತಾಯಿಯ ಪಾಠವನ್ನೇ ಪಾಲಿಸಿದೆ. ಮೂರನೆಯ ಸಲಕ್ಕೆ ತಿರುಗಿ ನೋಡಿದರೆ, ರಾಗಿ ಹುಲ್ಲಿನ ಬಣ್ಣದ ಕೂದಲಿನ, ಬಿಸಿಲಿಗೆ ಬೆಂದು ಕೆಂಪಾದ ಮೋರೆಯ, ಆರಡಿ ಎತ್ತರದ ಪರದೇಶಿ ಆಸಾಮಿಯೊಬ್ಬ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ನಾನು ಬಸ್ಸಿನ ಹತ್ತಿರ ಬೀಳಿಸಿಕೊಂಡು ಬಂದಿದ್ದ ಛತ್ರಿ ಅವನ ಕಂಕುಳಲ್ಲಿತ್ತು.

ಅವನು ಹೆಂಡ್ರಿಕ್, ಹಾಲೆಂಡಿನವನು. ಹಕಾರದ ಹಂಗಿಲ್ಲದ ನಮ್ಮೂರು ಅವನನ್ನು ಎಂಡ್ರಿಕಪ್ಪನನ್ನಾಗಿ ಮಾಡಿಕೊಂಡಿತ್ತು. ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ರೈತರಿಗೆ ಸೀಮೆಹಸುವಿನ ಮೇವು ಬೆಳೆಯುವುದನ್ನು ಕಲಿಸಿಕೊಡಲು ತೊಂಬತ್ತೊಂದರಲ್ಲಿ ಯಾವುದೋ ಯೋಜನೆಯ ಜೀಪಿನಲ್ಲಿ ಬಂದವನು, ಯೋಜನೆ ಮುಗಿದು ಜೀಪು ಹೋದ ಮೇಲೂ ಇಲ್ಲೇ ಉಳಿದುಕೊಂಡ. ಇಳಿದುಕೊಂಡದ್ದು ಚಿಕ್ಕಸ್ವಾಮಿಗೌಡರ ಹೆಂಡತಿ ಪುಟ್ಟಲಕ್ಷ್ಮಮ್ಮನ ಮನೆಯ ಬೀದಿ ಕೋಣೆಯಲ್ಲಿ. ಆಕೆಗೆ ಮಕ್ಕಳಿಲ್ಲ. ಗದ್ದೆ, ಒಂದು ಎಮ್ಮೆ, ಗೌಡರು ಸಾಕಿದ್ದ ಒಂದು ಮುದಿ ಎತ್ತು, ಇಷ್ಟೇ ಆಕೆಯ ಸಂಸಾರ.

ಪರದೇಶಿಗೆ ನಮ್ಮ ನಾಡು ಕೊಡುವ ಸುಖ, ಕೊಡುವ ಕಿರಿಕಿರಿ ಎರಡನ್ನೂ ಹೆಂಡ್ರಿಕ್ ಹೊಟ್ಟೆ ತುಂಬ ಉಂಡವನು. ಏಪ್ರಿಲ್ಲಿನ ಧಗೆಯಲ್ಲಿ ಕರೆಂಟು ಹೋದಾಗ ಒದ್ದೆ ಪಂಚೆ ಹೊದ್ದು ಕೂತು ತನ್ನ ದೇಶದ ಭಾಷೆಯಲ್ಲಿ ಏನೇನೋ ಬೈಯುತ್ತಿದ್ದ. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ ಮದುವೆ ಯಾಕಾಗಿಲ್ಲ, ಮನೆಯಲ್ಲಿ ಯಾರ್ಯಾರಿದ್ದಾರೆ, ಬೆಳಗ್ಗೆ ಏನು ತಿಂದಿರಿ ಎಂದು ವಿಚಾರಿಸಿಕೊಳ್ಳುವುದು ಅವನಿಗೆ ಮೊದಮೊದಲು ಪೊಲೀಸರ ವಿಚಾರಣೆಯೆಂದೇ ತೋರಿತ್ತು. ವರ್ಷ ವರ್ಷವೂ ಇಲ್ಲಿ ವಾಸವಿರುವ ಪರವಾನಗಿಗಾಗಿ ಮಂಡ್ಯಕ್ಕೆ ಅಲೆದು, "ನಾಳೆ ಬನ್ನಿ" ಎಂಬ ಮಾತಿನ ನಾನಾರ್ಥಗಳನ್ನು ಕಲಿತಿದ್ದ. ಮುದ್ದೆಯನ್ನು ಅಗಿದು ಹಲ್ಲಿಗೆ ಅಂಟಿಸಿಕೊಂಡು ಊರಿಗೆಲ್ಲ ನಗೆಪಾಟಲಾಗಿದ್ದ. ಆದರೆ ಚಳಿಗಾಲದ ಬೆಳಗ್ಗೆ ಆಲೆಮನೆಯ ಕೊಪ್ಪರಿಗೆಯ ಪಕ್ಕ ನಿಂತು ಬಿಸಿ ಬೆಲ್ಲದ ಪಾಕವನ್ನು ಎಲೆಯಲ್ಲಿ ಹಿಡಿದು ನೆಕ್ಕುವಾಗ, ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಬಿಸಿ ಟೀಯನ್ನು ಲೋಟದಿಂದ ಲೋಟಕ್ಕೆ ಸುರಿದು ಆರಿಸುವಾಗ, ನಾಲೆಯಲ್ಲಿ ಕತ್ತಿನವರೆಗೆ ಇಳಿದು ಕಣ್ಣು ಮುಚ್ಚುವಾಗ, ಅವನ ಮುಖದ ಮೇಲೆ ಬರುತ್ತಿದ್ದ ತೃಪ್ತಿಯನ್ನು ಹುಟ್ಟಿದಾರಭ್ಯ ಇಲ್ಲೇ ಇರುವ ನಮ್ಮ ಯಾರ ಮುಖದ ಮೇಲೂ ನಾನು ಕಂಡಿಲ್ಲ. ಈ ಊರು ಇಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಾದದ್ದು ಅವನಿಂದ.

ಅವನ ಕನ್ನಡದ ಕಥೆಯೇ ಬೇರೆ. ಭಾಷೆ ಕಲಿಸಿದವಳು ಪುಟ್ಟಲಕ್ಷ್ಮಮ್ಮ. ಸಂಜೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ, ಅವನು ಆಡಿದ ಒಂದೊಂದು ಮಾತನ್ನೂ "ಅಂಗಲ್ಲ ಕಣಪ್ಪ, ಇಂಗನ್ನು" ಎಂದು ತಿದ್ದುತ್ತಿದ್ದಳು. ಗಂಡಸು ಮಾತಾಡುವುದು ಹೇಗೆಂದು ಅವಳು ಹತ್ತಿರದಿಂದ ಕೇಳಿದ್ದು ಜನ್ಮದಲ್ಲಿ ಒಬ್ಬರ ಬಾಯಿಂದ. ಬೇರೆ ಗಂಡಸಿನ ಕನ್ನಡವನ್ನು ಅವಳಾದರೂ ಎಲ್ಲಿಂದ ತಂದಾಳು? ಹಾಗಾಗಿ ಪೀಠಿಕೆಯ "ಅದಲ್ಲ"ವೂ, ಮುಗಿಸುವಾಗಿನ "ಅಷ್ಟೇಯ"ವೂ, ಕೋಪ ಬಂದಾಗ ದನಿಯೇರಿಸದೆ ಇಳಿಸುವ ಪದ್ಧತಿಯೂ, ಕಡೆಗೆ ಆ ಒಣ ಕೆಮ್ಮೂ ವ್ಯಾಕರಣದ ಭಾಗವಾಗಿಯೇ ಹೆಂಡ್ರಿಕ್‌ಗೆ ಬಂದವು. ಕೆಮ್ಮು ಕನ್ನಡದ್ದಲ್ಲವೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಎರಡನೆಯ ಮಳೆಗಾಲದಲ್ಲಿ ಎಮ್ಮೆ ಪಾದ ತುಳಿದು, ಅವನು ಎಡಗಾಲನ್ನು ಕೊಂಚ ಎಳೆದು ನಡೆಯತೊಡಗಿದ. ಗೌಡರು ಎಳೆದು ನಡೆಯುತ್ತಿದ್ದದ್ದೂ ಎಡಗಾಲನ್ನೇ. ಆ ಚಳಿಗಾಲ ಪುಟ್ಟಲಕ್ಷ್ಮಮ್ಮ ಪೆಟ್ಟಿಗೆಯಿಂದ ಗೌಡರ ಕರಿ ಉಣ್ಣೆಯ ಕೋಟನ್ನು ತೆಗೆದು ಬಿಸಿಲಿಗೆ ಹಾಕಿ ಅವನಿಗೆ ಕೊಟ್ಟಳು. ತಾಲ್ಲೂಕು ಕಚೇರಿಗೆ ಹೋಗುವಾಗ ಗೌಡರು ಕಡು ಬೇಸಿಗೆಯಲ್ಲೂ ತೊಡುತ್ತಿದ್ದ ಕೋಟು ಅದು. ಮೊದಲ ದಿನ ಅದರ ತೋಳು ಅವನ ಮಣಿಕಟ್ಟಿಗೆ ಬರದೆ ಮೇಲೇ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಕೂತಿತ್ತು. ಅವಳು ಹೊಲಿಗೆ ಬಿಚ್ಚಿ ಮಡಿಕೆಯನ್ನು ಇಳಿಸಿರಬೇಕು ಎಂದುಕೊಂಡೆ, ಹೋಗಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ. ಹೊರಗಿನಿಂದ ಬಂದವನು ಬಾಗಿಲಲ್ಲಿ ಮಾತಾಡದೆ ಒಮ್ಮೆ ಕೆಮ್ಮುವನು, ಒಳಗಿನಿಂದ ಅವಳು ಮಾತಾಡದೆ ಕಾಲಿಗೆ ನೀರು ತಂದಿಡುವಳು. ಕೆಮ್ಮು ಕೇಳಿದೊಡನೆ ಕೊಟ್ಟಿಗೆಯಲ್ಲಿ ಆ ಮುದಿ ಎತ್ತು ಕಷ್ಟಪಟ್ಟು ಎದ್ದು ನಿಲ್ಲುತ್ತಿತ್ತು.

ತನಗೆ ಹೀಗಾಗುತ್ತಿದೆಯೆಂದು ಹೆಂಡ್ರಿಕ್‌ಗೆ ತಿಳಿದದ್ದು ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಎದುರು, ಅಜ್ಮತ್ ಉಲ್ಲಾನ ಟೆಲಿಫೋನ್ ಬೂತಿನಲ್ಲಿ. ಅಜ್ಮತ್ ಉಲ್ಲಾ ಹಿಂದೆ ಹತ್ತಿಬೀಜ, ಹಿಂಡಿ ಮಾರುತ್ತಿದ್ದವನು, ಗೌಡರ ಹಳೆಯ ಪರಿಚಯಸ್ಥ. ಹೆಂಡ್ರಿಕ್ ಆಗಾಗ ಅಲ್ಲಿಗೆ ಹೋಗಿ ತಾಯಿಯ ಜೊತೆ ಮಾತಾಡುತ್ತಿದ್ದ. ಒಂದು ಭಾನುವಾರ ನಾನೂ ಜೊತೆಗಿದ್ದೆ. ಗಾಜಿನ ಗೂಡಿನೊಳಗೆ ಅವನು ರಿಸೀವರ್ ಹಿಡಿದು, ಕೆಮ್ಮಿ, ಸ್ವಲ್ಪ ತಡೆದು, ಡಚ್ಚಿನಲ್ಲಿ ಎರಡು ಮಾತಾಡಿದ. ಆಮೇಲೆ ಸುಮ್ಮನಾದ. ಮತ್ತೆ ಮಾತಾಡಿದ. ಈ ಸಲ ತನ್ನ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಿದ್ದಂತೆ ಕೇಳಿಸಿತು. ಹೊರಗೆ ಬಂದಾಗ ಅವನ ಕೆಂಪು ಮೋರೆ ಸುಣ್ಣವಾಗಿತ್ತು.

"ನಮ್ಮಮ್ಮ ಯಾರು ನೀವು ಅಂತಾವ್ಳೆ ಮೇಷ್ಟ್ರೇ," ಎಂದ. "ನಮ್ಮುಡುಗನ ಕೈಗೆ ಫೋನ್ ಕೊಡಿ ಅಂತಾವ್ಳೆ."

"ಲೈನ್ ಖರಾಬಾಗೈತೆ ಬುಡಿ ಸಾಬ್, ಇನ್ನೊಂದ್ಕಿತ ಮಾಡಿ," ಎಂದ ಅಜ್ಮತ್ ಉಲ್ಲಾ. ಇನ್ನೊಮ್ಮೆ ಮಾಡಿದಾಗಲೂ ಆ ತಾಯಿ ಅದನ್ನೇ ಕೇಳಿದಳು, ಈ ಸಲ ಅಳುತ್ತಾ. ಹೆಂಡ್ರಿಕ್ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ ಮೇಲೆ ಅಜ್ಮತ್ ಉಲ್ಲಾ ನನ್ನ ಹತ್ತಿರ ಬಂದು ದನಿ ತಗ್ಗಿಸಿ, "ಲೈನ್ ಸರಿಯಾಗೇ ಐತೆ ಸಾರ್. ಕಣ್ ಮುಚ್ಕೊಂಡ್ ಕೇಳಿದ್ರೆ ಗೌಡ್ರೇ ಅವ್ರು. ಯಾ ಅಲ್ಲಾ, ಅವ್ರ ಮಣ್ಣಿಗೆ ನಾನೇ ಬಂದಿದ್ದೆ," ಎಂದ.

ನಾನು ಕಂಡದ್ದಕ್ಕಿಂತ ಸೂಕ್ಷ್ಮವಾದದ್ದನ್ನು ಗಮನಿಸಿದವಳು ನನ್ನ ತಾಯಿ. "ಪುಟ್ಟಲಕ್ಷ್ಮಮ್ಮ ಈಗೀಗ ಅವನ ಎಸ್ರು ಏಳಾಕಿಲ್ಲ, ನೋಡಿದ್ಯೇನ್ಲಾ?" ಎಂದಳು ಒಂದು ದಿನ. ಹೌದಲ್ಲ ಎನಿಸಿತು. ಮೊದಲೆಲ್ಲ ಬೀದಿಗೆಲ್ಲ ಕೇಳಿಸುವಂತೆ ಎಂಡ್ರಿಕಪ್ಪಾ ಎಂದು ಕೂಗುತ್ತಿದ್ದವಳು, ಈಗ ಯಾರಾದರೂ ಅವನನ್ನು ಕೇಳಿಕೊಂಡು ಬಂದರೆ "ಅವ್ರು ಗದ್ದೆ ತಾವ್ಕೆ ಓಗವ್ರೆ" ಎನ್ನುತ್ತಿದ್ದಳು. ನಮ್ಮ ಸೀಮೆಯ ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವವರಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ. ಓಟಿನ ಲೆಕ್ಕಕ್ಕೆ ಬಂದವರು ಕೇಳಿದರೂ ಪಕ್ಕದ ಮನೆಯವರ ಬಾಯಿಂದ ಹೇಳಿಸುತ್ತಾರೆ. ಎಪ್ಪತ್ತರ ಹತ್ತಿರದ ಆ ಮುದುಕಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಊರೂ ಹಾಗೆ ಬಗೆಯಲಿಲ್ಲ. ಮನೆಯಿಂದ ಹೋದ ದನಿ ಮನೆಗೆ ಬಂದಿತ್ತು, ಅದನ್ನು ಅವಳು ಜೋಪಾನ ಮಾಡುತ್ತಿದ್ದಳು. ಹೆಂಡ್ರಿಕ್‌ಗೆ ಈ ಪದ್ಧತಿಯನ್ನು ವಿವರಿಸಿದವನು ನಾನೇ.

ತೊಂಬತ್ತಾರರಲ್ಲಿ ಪರವಾನಗಿಯ ವಿಚಾರಣೆ ಬಿಗಿಯಾಯಿತು. ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ದ್ಯಾವಯ್ಯ ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ಲು ತುಳಿದುಕೊಂಡು ಬಂದ. ಒಳ್ಳೆಯ ಮನುಷ್ಯ, ಗೌಡರ ಕಾಲದಲ್ಲಿ ಆ ಜಗುಲಿಯ ಮೇಲೆ ಮಜ್ಜಿಗೆ ಕುಡಿದವನು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ಮನೆಯಲ್ಲಿ ಯಾರಿದ್ದಾರೆಂದು ಮನೆಯೊಡತಿಯೇ ಬಾಯಿಬಿಟ್ಟು ಹೇಳಬೇಕು, ಇದೊಂದು ಆದರೆ ಕೆಲಸ ಆಯಿತು ಎಂದ. ನಾನೂ ನನ್ನ ತಾಯಿಯೂ ಅಲ್ಲೇ ಇದ್ದೆವು. ಹೆಂಡ್ರಿಕ್ ಕಂಬಕ್ಕೆ ಒರಗಿ ನಿಂತಿದ್ದ.

"ಅವ್ವಾ, ನಿಮ್ಮನೇಲಿ ಇರೋರ ಎಸ್ರೇನು, ಏಳವ್ವ."

ಪುಟ್ಟಲಕ್ಷ್ಮಮ್ಮ ನನ್ನ ತಾಯಿಯ ಕಡೆ ನೋಡಿದಳು. ತಾಯಿ ಬಾಯಿ ತೆರೆಯುವಷ್ಟರಲ್ಲಿ ದ್ಯಾವಯ್ಯ ಕೈ ಅಡ್ಡ ಹಿಡಿದ. "ಬ್ಯಾರೇರು ಏಳಂಗಿಲ್ಲ ಕಣವ್ವ. ನೀನೇ ಅನ್ಬೇಕು. ನೀ ಅನ್ನದೆ ವೋದ್ರೆ ಇಲ್ಲಿ ಅಂತೋರು ಯಾರೂ ಇಲ್ಲ ಅಂತ ನಾನು ಬರ್ಕೊಂಡು ಓಗ್ಬೇಕಾಯ್ತದೆ. ಆಮೇಲೆ ಇವ್ರು ದೇಶ ಬುಟ್ಟು ಓಗ್ಬೇಕಾಯ್ತದೆ."

ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಹೆಸರು ಹೇಳಿದರೆ ಹೆಂಡ್ರಿಕ್ ಉಳಿಯುತ್ತಾನೆ. ಆದರೆ ಆ ಹೆಸರು ಅವಳ ಬಾಯಿಂದ ಹೊರಬಿದ್ದ ಗಳಿಗೆಯಲ್ಲಿ, ಮನೆಯಲ್ಲಿ ಉಳಿಯುವವನು ಬರೀ ಹೆಂಡ್ರಿಕ್. ಇನ್ನೊಬ್ಬರು ಮತ್ತೊಮ್ಮೆ ಹೋಗಿಬಿಡುತ್ತಾರೆ, ಈ ಸಲ ಅವಳ ನಾಲಗೆಯಿಂದಲೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು ನೆಲ ನೋಡುತ್ತಾ ಕೂತಳು. ಹೆಂಡ್ರಿಕ್‌ಗೆ ಉಳಿಯುವ ಆಸೆ ಎಷ್ಟಿತ್ತೆಂದರೆ, ಮಗ್ಗಿ ಮರೆತ ಮಗುವಿಗೆ ಹೇಳಿಕೊಡುವ ಹಾಗೆ ಅವನ ತುಟಿಗಳು ಸದ್ದಿಲ್ಲದೆ ಆ ಹೆಸರನ್ನು ಆಡುತ್ತಿದ್ದವು. ಅವಳು ತಲೆಯೆತ್ತಿ ಅವನನ್ನು ಒಮ್ಮೆ ನೋಡಿ, ಇಲ್ಲವೆಂದು ಕತ್ತು ಅಲ್ಲಾಡಿಸಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವನ ತುಟಿ ನಿಂತಿತು. ಕೆಮ್ಮಿದ. ಕೈಗಳು ಬೆನ್ನ ಹಿಂದೆ ಹೋದವು.

"ಅದಲ್ಲ ಕಣ್ಲಾ ದ್ಯಾವ, ನಾ ಏಳಾದ್ ಕೇಳು. ಅವಳ್ನ ಬಲವಂತ ಮಾಡ್ಬ್ಯಾಡ. ನಾನೇ ಒಂಟೋಯ್ತೀನಿ. ಅಷ್ಟೇಯ."

ದ್ಯಾವಯ್ಯ ತನಗೆ ಗೊತ್ತಿಲ್ಲದಂತೆ ಎದ್ದು ನಿಂತು ಟೋಪಿ ತೆಗೆದ. ಆ ಠಾಣೆಯವನನ್ನು ಬರೀ ದ್ಯಾವ ಎಂದು ಕರೆಯುತ್ತಿದ್ದವರು ಊರಿನಲ್ಲಿ ಒಬ್ಬರೇ, ಹೆಂಡ್ರಿಕ್ ಬರುವುದಕ್ಕೂ ಮುಂಚೆ ಅವರು ಮಣ್ಣಾಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ದ್ಯಾವಯ್ಯ ಸುಧಾರಿಸಿಕೊಂಡು, ಬೇರೆ ಮನೆ ಮಾಡಿಕೊಂಡರೆ ಅಲ್ಲಿಯವರ ಬಾಯಿಂದ ಹೇಳಿಸಬಹುದೆಂದು ದಾರಿ ತೋರಿಸಿದ. ಹೆಂಡ್ರಿಕ್ ಬೇಡವೆಂದ. ಸೈಕಲ್ಲನ್ನು ತುಳಿಯದೆ ತಳ್ಳಿಕೊಂಡೇ ದ್ಯಾವಯ್ಯ ಊರ ಬಾಗಿಲು ದಾಟಿದ.

ಹೆಂಡ್ರಿಕ್ ಹೊರಟ ದಿನ ಬಸ್ಸಿನವರೆಗೆ ನಾನು ಜೊತೆಗೆ ಹೋದೆ. ಅವಳ ಕೈಯಲ್ಲಿ ಒಂದು ಮಾತು ಹೇಳಿಸಿದ್ದರೆ ಆಗುತ್ತಿತ್ತಲ್ಲ, ಯಾಕೆ ಬಿಟ್ಟೆ ಎಂದು ಕೇಳಿದೆ. ನನಗೆ ಅವನ ಮೇಲೆ ಸಿಟ್ಟೂ ಬಂದಿತ್ತು, ಅವನಿಲ್ಲದ ಸಂಜೆಗಳನ್ನು ನೆನೆದು ಎದೆ ಭಾರವೂ ಆಗಿತ್ತು.

"ಏಳಿಸ್ಬೋದಿತ್ತು. ಆಮೇಲೆ ಆ ಮನೇಲಿ ಸೂತಕ ಆಗೋದು. ನಾನೇ ಅಲ್ಲಿ ಕೂತ್ಕಂಡು ನೋಡ್ಬೇಕಾಗಿತ್ತು," ಎಂದ.

"ಊರಿಗೆ ಹೋಗಿ ಏನು ಮಾಡುತ್ತೀಯ?"

"ಅಮ್ಮ ಮಗನ್ನ ಕೇಳ್ತಾವ್ಳಲ್ಲ ಮೇಷ್ಟ್ರೇ. ಎಲ್ಲವ್ನೆ ಅಂತ ಉಡುಕ್ಬೇಕು."

ಬಸ್ಸು ಬಂತು. ಎಡಗಾಲನ್ನು ಎಳೆದುಕೊಂಡು ಹತ್ತಿ ಕೂತ. ಸಿಕ್ಕನೋ ಇಲ್ಲವೋ, ಆ ಮಗ ಆ ತಾಯಿಗೆ? ನನಗೆ ತಿಳಿಯಲಿಲ್ಲ. ಅಜ್ಮತ್ ಉಲ್ಲಾನ ಬೂತಿಗೆ ಹಾಲೆಂಡಿನಿಂದ ಯಾವ ಕರೆಯೂ ಬರಲಿಲ್ಲ.

ತಿಂಗಳಾದ ಮೇಲೆ, ಒಬ್ಬಳೇ ಇದ್ದಾಳಲ್ಲ ಎಂದು ಪುಟ್ಟಲಕ್ಷ್ಮಮ್ಮನನ್ನು ನೋಡಲು ನಾನೂ ನನ್ನ ತಾಯಿಯೂ ಹೋದೆವು. ಸಮಾಧಾನದ ಮಾತಿಗೆ ತೊಡಗಿ ನಾನು ಹೆಂಡ್ರಿಕ್ ಎಂದೆ. ದೊಡ್ಡವರ ಮುಂದೆ ಗಂಡನ ಹೆಸರು ಬಂದಾಗ ಹೊಸ ಸೊಸೆಯರು ಮಾಡುವಂತೆ ಅವಳು ಮುಖ ತಗ್ಗಿಸಿ ಸೆರಗನ್ನು ತಲೆಗೆ ಎಳೆದುಕೊಂಡಳು. "ಕಬ್ಬು ಕಡಿಯೋ ಒತ್ತಿಗೆ ಬತ್ತಾರೆ," ಎಂದಳು. ಆಗ ನನ್ನ ತಾಯಿ ನನ್ನ ತೋಳು ಹಿಡಿದುಕೊಂಡಳು. ಎಂಟು ವರ್ಷಗಳಿಂದ ಬರಿದಾಗಿದ್ದ ಪುಟ್ಟಲಕ್ಷ್ಮಮ್ಮನ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಯಾರು ತೊಡಿಸಿದರೆಂದು ನಾವು ಕೇಳಲಿಲ್ಲ, ಊರಲ್ಲಿ ಬೇರೆ ಯಾರೂ ಕೇಳಿದ ಹಾಗೆ ಕಾಣಲಿಲ್ಲ.

ಪರದೇಶದಿಂದ ಬಂದು ನೆಲೆಸುವವರನ್ನು ನಾವು ಕೇಳುವ ಪ್ರಶ್ನೆ ಒಂದೇ: ನಮ್ಮೂರು ನಿಮಗೆ ಹಿಡಿಸಿತೇ? ಬಿಸಿಲು, ಸೊಳ್ಳೆ, ಖಾರ, ಕಚೇರಿಗಳ ಲೆಕ್ಕದಲ್ಲಿ ಅವರೂ ಉತ್ತರ ಕೊಡುತ್ತಾರೆ. ಆದರೆ ಯಾವ ಊರಿನಲ್ಲೂ ಹೊಸಬನಿಗೆಂದು ಹೊಸ ಜಾಗ ಇರುವುದಿಲ್ಲ, ಯಾರೋ ಎದ್ದುಹೋದ ಜಾಗ ಇರುತ್ತದೆ. ಬಂದವರಲ್ಲಿ ಬಹಳ ಮಂದಿ ಅದರ ಅಂಚಿನಲ್ಲಿ ಒಂದಷ್ಟು ಕಾಲ ಕೂತು, ಫೋಟೋ ತೆಗೆದುಕೊಂಡು, ಬಂದ ಹಾಗೇ ಹೋಗುತ್ತಾರೆ. ಅಪರೂಪಕ್ಕೊಬ್ಬ, ಪ್ರೀತಿ ಹೆಚ್ಚಾಗಿಯೋ ಎಚ್ಚರ ಕಡಿಮೆಯಾಗಿಯೋ, ಅದರಲ್ಲಿ ಪೂರ್ತಿ ಕೂತುಬಿಡುತ್ತಾನೆ. ಅಂಥವನು ಎದ್ದು ಹೊರಟರೆ ಇಲ್ಲಿಂದ ಹೋದವನು ಯಾರೆಂದು ನಮಗೂ ಗೊತ್ತಾಗುವುದಿಲ್ಲ, ಬಂದವನು ಯಾರೆಂದು ಅಲ್ಲಿಯವರಿಗೂ ಗೊತ್ತಾಗುವುದಿಲ್ಲ. ಎರಡು ದೇಶಗಳಲ್ಲಿ ಇಬ್ಬರು ಮುದುಕಿಯರು ಬಾಗಿಲು ತೆರೆದಿಟ್ಟು ಕಾಯುತ್ತಿರುತ್ತಾರೆ, ಅಷ್ಟೇ.