ತೇಪೆ ನಿಂತ ಯಂತ್ರ

"ಯಾರೂ ಮುಟ್ಬೇಡಿ. ಸುಮ್ನೆ ನೋಡ್ತಾ ಇರಿ," ಎಂದು ಸಿಟಾಲಿ ತನ್ನ ಹಳೆಯ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಸಿಕ್ಕಿಸಿ, ಎರಡೂ ಕೈಗಳನ್ನು ಮೇಲೆತ್ತಿದ. ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಅವನೇ.

ಲ್ಯಾಬ್ ನೋಡಿಕೊಳ್ಳುವ ನಮಾಕಾವು ಪರದೆಯತ್ತ ಬಾಗಿದಳು. ಮೂರು ಎಣಿಸುವಷ್ಟರಲ್ಲಿ ಪರದೆಯ ಮೇಲಿದ್ದ ಫೋಲ್ಡರುಗಳು ಮಾಯವಾದವು. ಅವುಗಳದೇ ಹೆಸರು ಹೊತ್ತು ಬೇರೇನೋ ಅಲ್ಲಿ ಬಂದು ಕೂತಿತು.

"ಬೆಳಿಗ್ಗೆ ನಿನ್ನ ಕಂಪ್ಯೂಟರಲ್ಲಿ ಆಗಿದ್ದೂ ಇದೇ ಅಕ್ಕಾ."

ಬೆಳಿಗ್ಗೆ ನಿವೃತ್ತ ಹೆಡ್‌ಮಾಸ್ಟರ್ ಮುಯುಂಡಾ, ಊರವರೆಲ್ಲ ಗೌರವದಿಂದ ಕರೆಯುವಂತೆ ಬೋ ಮುಯುಂಡಾ, ತಮ್ಮ ತಂಗಿಯ ಅಂತ್ಯಕ್ರಿಯೆಯ ಕಾರ್ಯಕ್ರಮದ ಹಾಳೆಗಳನ್ನು ಅಚ್ಚು ಹಾಕಿಸಲು ಬಂದಿದ್ದರು. ಕೆಲಸ ಮಾಡುವ ಪ್ರಿಂಟರ್ ಇದ್ದದ್ದು ರಕ್ತಪರೀಕ್ಷೆಯ ಕಂಪ್ಯೂಟರಿಗೆ ಮಾತ್ರ. ಅದಕ್ಕೆ ಹೊರಗಿನದೇನನ್ನೂ ಸಿಕ್ಕಿಸಬಾರದೆಂದು ಅವಳಿಗೆ ಗೊತ್ತಿತ್ತು. ಆದರೆ ಹಿರಿಯರು ಈ ಪೆನ್ ಡ್ರೈವನ್ನು ಎರಡೂ ಕೈಯಲ್ಲಿ ಚಾಚಿದ್ದರು. ಅವಳು ಹಿರಿಯರೆದುರಿನ ರೂಢಿಯಂತೆ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ, ಎರಡೂ ಕೈಯಲ್ಲಿ ತೆಗೆದುಕೊಂಡಿದ್ದಳು. ಸಾವಿನ ಮನೆಯಿಂದ ಬಂದದ್ದನ್ನು ಹಾಗೆ ತೆಗೆದುಕೊಂಡ ಮೇಲೆ ಆಗುವುದಿಲ್ಲವೆನ್ನಲು ಬಾಯಿ ಬರುವುದು ಹೇಗೆ?

ಈಗ ಮೂವತ್ತೆಂಟು ಬಸುರಿಯರ ಫಲಿತಾಂಶ ಕಾಣುತ್ತಿಲ್ಲ. ಪರೀಕ್ಷೆ ಮುಗಿದ ರಕ್ತವನ್ನು ಆಗಲೇ ಸುಟ್ಟಾಗಿದೆ; ಮತ್ತೆ ತೆಗೆದು ಪರೀಕ್ಷಿಸಲು ಹೊತ್ತಿಲ್ಲ. ಅವರೆಲ್ಲ ಹೊರಗೆ ಮಾವಿನ ಮರದಡಿ ಕೂತಿದ್ದಾರೆ. ಎರಡು ಗಂಟೆಗೆ ಅವರನ್ನು ಕರೆತಂದ ದೋಣಿ ಹೊರಟರೆ ಮತ್ತೆ ಬರುವುದು ಮುಂದಿನ ತಿಂಗಳು. ಕೆಲವರಿಗೆ ಅಷ್ಟರೊಳಗೆ ಹೆರಿಗೆಯೇ ಆಗಿರುತ್ತದೆ. ಯಾರಿಗೆ ಯಾವ ಔಷಧಿ ಎಂದು ಹೇಳಬೇಕಾದದ್ದು ಆ ಫಲಿತಾಂಶ.

ಇನ್ನಷ್ಟು ಪ್ರತಿಗಳಿಗೆಂದು ಮರಳಿ ಬಂದಿದ್ದ ಬೋ ಮುಯುಂಡಾ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದರು. "ಲ್ಯಾಬಲ್ಲಿ ಇಷ್ಟು ಹಳೇ ಕಂಪ್ಯೂಟರನ್ನ ಯಾಕಪ್ಪಾ ಇಟ್ಕೊಂಡಿದೀರಿ?"

"ರಕ್ತದ ಯಂತ್ರಕ್ಕೆ ಇದರ ಭಾಷೆ ಬಿಟ್ರೆ ಬೇರೆ ಬರಲ್ಲ, ಬೋ. ಇದನ್ನ ಮಾಡಿದೋರು ಬಿರುಕು ಮುಚ್ಚೋ ತೇಪೆ, ಅಂದ್ರೆ ಅಪ್‌ಡೇಟು, ಕಳಿಸೋದು ನಿಲ್ಸಿ ಒಂಬತ್ತು ವರ್ಷ ಆಯ್ತು. ಆಮೇಲೆ ಕಂಡ ಬಿರುಕೆಲ್ಲ ಹಾಗೇ ಇದೆ. ಹೊಸದಾಗಿದ್ರೆ ಪೆನ್ ಡ್ರೈವಲ್ಲಿರೋ ಈ ವೈರಸ್ ಹುಳು ಹೊಸಿಲಲ್ಲೇ ಸಾಯ್ತಿತ್ತು."

"ಅದನ್ನ ಬಿಟ್ಟೋನು?"

"ಯಾವ ದೇಶದೋನೋ. ಇಷ್ಟೊತ್ತಿಗೆ ಮರ್ತೂ ಬಿಟ್ಟಿರ್ತಾನೆ. ಇದು ಮಾತ್ರ ಜೇಬಿಂದ ಜೇಬಿಗೆ ನಡ್ಕೊಂಡು ಬರ್ತಾನೇ ಇದೆ."

"ಮೂವತ್ತು ವರ್ಷ ಬಾಗಿಲಲ್ಲಿ ನಿಂತು ತುಂಟರನ್ನ ಹಿಡ್ದೋನು ನಾನು. ಇದು ನನ್ನ ಕೋಟಲ್ಲೇ ಕೂತು ಬಂತಲ್ಲಪ್ಪಾ!"

ನಮಾಕಾವು ನಗಲಿಲ್ಲ. ಬೆರಳುದ್ದದ ಆ ವಸ್ತುವನ್ನೇ ನೋಡುತ್ತಿದ್ದಳು. ಅದರೊಳಗಿನ ಹುಳುವಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಇಲ್ಲಿರುವುದು ಯಾರ ರಕ್ತವೆಂದು ಗೊತ್ತಿಲ್ಲ. ಎಷ್ಟು ಸಾವಿನ ಮನೆ, ಎಷ್ಟು ಕಚೇರಿ ಹಾದು, ಈ ಬಯಲಿನಲ್ಲಿ ಬಾಗಿಲಿಲ್ಲದ ಒಂದೇ ಮನೆಯನ್ನು ತಪ್ಪದೆ ಹುಡುಕಿಕೊಂಡಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಕೈ ಹಿಡಿದು ಹೊಳೆಯ ದಡದಲ್ಲಿ ನಿಂತು, ಇಲ್ಲಿ ಒಂದು ಹನಿಯೂ ಬೀಳದಿದ್ದರೂ ಎಲ್ಲೋ ದೂರದಲ್ಲಿ ಸುರಿದ ಮಳೆಗೆ ಇಡೀ ಬಯಲು ಸದ್ದಿಲ್ಲದೆ ನೀರಿನಿಂದ ತುಂಬುವುದನ್ನು ಮೊದಲ ಸಲ ಕಂಡಾಗ ಮೈ ಹೀಗೇ ಜುಮ್ಮೆಂದಿತ್ತು.

ಸಿಟಾಲಿ ತಾನು ತಂದಿದ್ದ, ಹುಳು ಮುಟ್ಟಲಾಗದ ಸಿ.ಡಿ.ಯಿಂದ ಲ್ಯಾಬಿನ ಕಂಪ್ಯೂಟರನ್ನು ಎಬ್ಬಿಸಿದ. "ಅಳಿಸಿಲ್ಲ ಅನ್ಸತ್ತೆ. ಬಚ್ಚಿಟ್ಟಿರ್ಬೇಕು." ಏನೋ ಒತ್ತಿದ.

ಖಾಲಿ ಪರದೆಯ ಮೇಲೆ ಬಸುರಿಯೊಬ್ಬಳ ಫಲಿತಾಂಶದ ಫೈಲು ಅವಳ ಹೆಸರಿನಲ್ಲಿ ಮೂಡಿತು. ಇನ್ನೊಂದು. ಮತ್ತೊಂದು. ಒಗೆದ ಬಟ್ಟೆಯಲ್ಲಿ ಉಳಿದ ಶಾಯಿಯಂತೆ ಎಲ್ಲವೂ ಮಸುಕು. ನಮಾಕಾವು ಬೆರಳಿಟ್ಟು ಎಣಿಸಿದಳು. ಮೂವತ್ತೆಂಟು.

"ಕೈಯಲ್ಲೇ ಬರ್ಕೋ ಅಕ್ಕಾ, ಬೇಗ. ಇವತ್ತಿಂದ ಇದನ್ನ ನಂಬೋ ಹಾಗಿಲ್ಲ."

"ನೀನು ಓದು ಮಗಳೇ, ನಾನು ಬರೀತೀನಿ," ಎಂದು ಬೋ ಮುಯುಂಡಾ ಕೋಟು ಕಳಚಿಟ್ಟು ಮೇಜಿನ ಬಳಿ ಬಂದರು. "ನನ್ನ ಅಕ್ಷರಾನ ಯಾವ ಹುಳಾನೂ ತಿಂದಿಲ್ಲ."

ಮೊದಲ ಚೀಟಿಯ ಶಾಯಿ ಇನ್ನೂ ಹಸಿಯಾಗಿತ್ತು. ನಮಾಕಾವು ಕಿಟಕಿಗೆ ಹೋಗಿ, "ನಾಲಿಶೇಬೊ!" ಎಂದು ಕೂಗಿದಳು.

ಮರದ ನೆರಳಿನಲ್ಲಿ ಒಬ್ಬಳು ಒಂದು ಕೈಯನ್ನು ನೆಲಕ್ಕೂರಿ, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಧಾನವಾಗಿ ಎದ್ದು ನಿಂತಳು.