ಎಂಟು ಸೆಕೆಂಡಿನ ಎಂಜಿನ್

ಕಾಸೀಮಸಾಬ ನದಾಫರು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಜೆಟ್ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸಿ, ಕಿವಿ ಕಳೆದುಕೊಂಡು ಅಣ್ಣಿಗೇರಿಗೆ ಮರಳಿದ್ದರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯ ಹತ್ತಿರ ಬಾಯಿ ತಂದು ಗಟ್ಟಿಯಾಗಿ ಹೇಳಿದರೆ ಅರ್ಧ ಕೇಳುತ್ತಿತ್ತು. ಅಂಥವರನ್ನು ಈರೇಶ ಎಂಜಿನ್ ಪರೀಕ್ಷೆ ಮಾಡಲು ಕರೆತಂದಾಗ, ಕೆಳಗೆ ಕಾಳಿನ ಅಂಗಡಿಯಲ್ಲಿ ಕೂತಿದ್ದ ಅವನ ಅಪ್ಪನಿಗೆ ನಗು ಬಂತು.

ಈರೇಶ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಪೈಲಟ್ ಆಗಬೇಕೆಂದಿದ್ದವನಿಗೆ ಕೆಂಪು ಹಸಿರು ಸರಿಯಾಗಿ ಗುರುತಿಸದ ಕಣ್ಣು ಅಡ್ಡ ಬಂತು. ಆಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ವಿಮಾನ ಹಾರಿಸಲು ಕಲಿಸುವ ಸಿಮ್ಯುಲೇಟರಿಗಾಗಿ ಜೆಟ್ ಎಂಜಿನ್ನಿನ ಪ್ರೋಗ್ರಾಮ್ ಬರೆಯತೊಡಗಿದ. ನಿಜವಾದ ಎಂಜಿನ್ ಹೇಗೆ ನಡೆದುಕೊಳ್ಳುತ್ತದೋ ಹಾಗೆಯೇ ಅದು ನಡೆದುಕೊಳ್ಳಬೇಕು ಎಂಬುದೊಂದೇ ಅವನ ಹಟ.

ಮೊದಲ ದಿನ ಕಾಸೀಮಸಾಬರು ದೊಡ್ಡ ಸ್ಪೀಕರಿನ ಮೇಲೆ ಅಂಗೈ ಊರಿ ಕೂತರು. ಈರೇಶ ಎಂಜಿನ್ನಿನ ಜೋರು ಏರಿಸುವ ಥ್ರಾಟಲ್ ಹಿಡಿಯನ್ನು ಮುಂದೆ ತಳ್ಳಿದ. ಎರಡೇ ಸೆಕೆಂಡಿನಲ್ಲಿ ಎಂಜಿನ್ ಪೂರ್ತಿ ಜೋರಿಗೆ ಬಂತು.

"ಸುಳ್ಳ ಐತಿ ಇದು," ಎಂದರು.

"ಯಾಕ್ರಿ ಕಾಕಾ?" ಎಂದು ಈರೇಶ ಬಲಗಿವಿಯ ಹತ್ತಿರ ಬಾಗಿ ಕೇಳಿದ.

"ಒಳಗ ತಿರುಗೂ ಚಕ್ರ ಎಷ್ಟ ವಜ್ಜಿ ಇರ್ತಾವ ಗೊತ್ತೈತೇನು? ಸಣ್ಣಗ ಓಡೂ ಎಂಜಿನ್ನು ಪೂರ್ತಿ ಜೋರಿಗೆ ಬರಾಕ ಎಂಟ ಸೆಕೆಂಡ ಬೇಕು. ಮೊದಲ ಐದು ಸೆಕೆಂಡ ಏನೂ ಆಗವಲ್ದು ಅನಸ್ತೈತಿ. ಆಮ್ಯಾಲ ಒಮ್ಮಿಗೇ ನುಗ್ಗತೈತಿ."

ಅವರಿದ್ದ ವಾಯುನೆಲೆಯಲ್ಲಿ ಒಬ್ಬ ಎಳೆಯ ಪೈಲಟ್ ಇಳಿಯುವಾಗ ಎಂಜಿನ್ ತೀರಾ ಸಣ್ಣ ಮಾಡಿದ್ದ. ವಿಮಾನ ಕುಸಿಯುತ್ತಿರುವುದು ತಿಳಿದು ಥ್ರಾಟಲ್ ತಳ್ಳಿದಾಗ ತಡವಾಗಿತ್ತು. ರನ್‌ವೇಗೆ ಇನ್ನೂರು ಗಜ ಇರುವಾಗಲೇ ನೆಲಕ್ಕೆ ಬಿದ್ದ. ಆ ಬೆಳಿಗ್ಗೆ ಎಂಜಿನ್ ಸರಿಯಿದೆ ಎಂದು ಸಹಿ ಹಾಕಿದ್ದವರು ಕಾಸೀಮಸಾಬರು. ವಿಚಾರಣೆಯಲ್ಲಿ ಎಂಜಿನ್ನಿನಲ್ಲಿ ದೋಷವಿಲ್ಲ ಎಂದೇ ಬಂತು. ಆದರೂ ಇಷ್ಟು ವರ್ಷ ಅವರು ಅದನ್ನು ಹೆಂಡತಿ ರಜಿಯಾಬಿಯ ಹೊರತು ಯಾರಿಗೂ ಹೇಳಿರಲಿಲ್ಲ. ಈರೇಶನಿಗೆ ಹೇಳಿದರು.

ಅಲ್ಲಿಂದ ಎರಡು ವರ್ಷ, ಪ್ರತಿ ಭಾನುವಾರ ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಸ್ಪೀಕರಿನ ನಡುಕದಿಂದಲೇ ತಪ್ಪು ಹಿಡಿಯುತ್ತಿದ್ದರು. ಇಂಧನ ಹೊತ್ತಿಕೊಂಡಾಗ ಉಷ್ಣತೆ ಏರುವ ರೀತಿ, ಎಂಜಿನ್ನಿನೊಳಗೆ ಗಾಳಿ ಹಿಮ್ಮೆಟ್ಟಿದಾಗ ಕೇಳುವ ಢಮಾರ್ ಸದ್ದು, ಎಲ್ಲ ಒಂದೊಂದಾಗಿ ಸರಿಹೋದವು. ಕೊನೆಗೆ ಒಂದು ದಿನ ಅಂಗೈ ಎತ್ತದೆ ಕಣ್ಣುಮುಚ್ಚಿ, "ಇದ ನೋಡು. ಇದ ಅದು," ಎಂದರು.

ಹುಬ್ಬಳ್ಳಿಯ ಒಂದು ತರಬೇತಿ ಕೇಂದ್ರ ಆ ಎಂಜಿನ್ನನ್ನು ತನ್ನ ಸಿಮ್ಯುಲೇಟರಿಗೆ ಹಾಕಿಸಿಕೊಂಡಿತು. ಸಣ್ಣ ವಿಮಾನ ಕಲಿತು ಬಂದವರು ಅಲ್ಲಿ ಜೆಟ್ ಕಲಿಯುತ್ತಿದ್ದರು. ಮೊದಲ ವಾರವೇ ಹತ್ತರಲ್ಲಿ ಏಳು ಮಂದಿ ರನ್‌ವೇ ಮುಟ್ಟುವ ಮೊದಲೇ ವಿಮಾನ ಕೆಡವಿದರು. ಕೇಂದ್ರದ ಮುಖ್ಯಸ್ಥ ಶಿಶಿರ ಫೋನ್ ಮಾಡಿದ.

"ನಿಮ್ಮ ಎಂಜಿನ್ ಭಾಳ ಮಂದ ಅದರೀ. ಹುಡುಗ್ರು ಹೆದರ್ಲಿಕ್ಕತ್ಯಾರ. ಎರಡು ಸೆಕೆಂಡಿಗೆ ತರ್ರಿ."

"ಖರೇ ಎಂಜಿನ್ನು ಹಂಗ ಇರ್ತೈತ್ರಿ ಸರ್."

"ಖರೇದ್ದು ಖರೇ ವಿಮಾನದಾಗ ಕಲೀತಾರ. ನಿಮ್ಮಿಂದ ಆಗೂದಿಲ್ಲಂದ್ರ ಬ್ಯಾರೆಯವರದು ಹಾಕ್ತೇವಿ."

ಸಿಮ್ಯುಲೇಟರಿನ ಕಾಕ್‌ಪಿಟ್ ಪರದೆಯ ಮೂಲೆಯಲ್ಲಿ ಈರೇಶನ ಹೆಸರಿತ್ತು. ವಿಮಾನಕ್ಕೂ ಅವನಿಗೂ ಉಳಿದ ನಂಟು ಅದೊಂದೇ. ಮೂರು ದಿನ ತಾಳಿದ. ನಾಲ್ಕನೆಯ ದಿನ ಪ್ರೋಗ್ರಾಮ್ ತೆರೆದು ಒಂದು ಅಂಕಿ ಬದಲಿಸಿ ಕಳಿಸಿದ. ಆ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಭಾನುವಾರ ಕಾಸೀಮಸಾಬರು ಬಂದರು. ತನ್ನ ಕಂಪ್ಯೂಟರಿನಲ್ಲಿ ಹಳೆಯದನ್ನು ಮತ್ತೆ ಹಾಕಬೇಕೆಂದು ಈರೇಶನಿಗೆ ನೆನಪಾಗುವಷ್ಟರಲ್ಲಿ ಅವರೇ ಥ್ರಾಟಲ್ ತಳ್ಳಿಬಿಟ್ಟಿದ್ದರು. ಅಂಗೈ ಸ್ಪೀಕರಿನ ಮೇಲಿತ್ತು.

"ಎಷ್ಟ ಸೆಕೆಂಡಪಾ ಈಗ?"

"ಎಂಟ ಐತ್ರಿ ಕಾಕಾ," ಎಂದು ಈರೇಶ ಅವರ ಬಲಗಿವಿಗೆ ಗಟ್ಟಿಯಾಗಿ ಹೇಳಿದ.

ಅವರು ಅಂಗೈಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಂಗಾರ ನನ್ನ ಕೈನೂ ಹೋತು," ಎಂದರು. ಚಹಾ ಕುಡಿಯದೆ ಮೆಟ್ಟಿಲು ಇಳಿದರು.

ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ತಿಂಗಳ ಮೇಲೆ ಈರೇಶ ಅವರ ಮನೆಗೆ ಹೋದ. ರಜಿಯಾಬಿ ಬಾಗಿಲಲ್ಲೇ ಹೇಳಿದರು:

"ಜ್ವರ ಬಂದು ಹ್ವಾದ ಮ್ಯಾಲ ಇನ್ನೊಂದ ಕಿವಿನೂ ಹೋತು ನೋಡಪಾ. ಮಾತಾಡಿದ್ರ ಏನೂ ತಿಳಿಯಂಗಿಲ್ಲ."

ಈರೇಶ ಕಾಗದದ ಮೇಲೆ ಬರೆದು ಕೊಟ್ಟ: ನಾನು ಸುಳ್ಳು ಹೇಳಿದೆ. ಕೇಂದ್ರದವರು ಕೇಳಿದರೆಂದು ಎರಡು ಸೆಕೆಂಡು ಮಾಡಿದ್ದು ನಾನೇ. ನಿಮ್ಮ ಕೈ ಸರಿ ಇತ್ತು.

ಹಾಸಿಗೆಯಲ್ಲಿ ಕೂತಿದ್ದ ಕಾಸೀಮಸಾಬರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವನು ನಿರೀಕ್ಷಿಸಿದ್ದ ಸಿಟ್ಟು ಬರಲಿಲ್ಲ.

"ಅದರ ಮ್ಯಾಲ ಎಷ್ಟ ಮಂದಿ ಕಲತ್ರು?" ಎಂದಷ್ಟೇ ಕೇಳಿದರು. ದನಿಯ ಅಳತೆ ತಿಳಿಯದೆ ಕೂಗಿದ ಹಾಗಿತ್ತು.

ಮೂವತ್ತೊಂದು, ಎಂದು ಈರೇಶ ಬರೆದ.

ಅವರು ಕಾಗದವನ್ನು ಮಡಚಿ ಅವನಿಗೇ ಮರಳಿ ಕೊಟ್ಟು ಗೋಡೆಯ ಕಡೆ ಹೊರಳಿ ಮಲಗಿದರು.

ಈರೇಶ ಕೇಂದ್ರಕ್ಕೆ ಹಳೆಯ ಪ್ರೋಗ್ರಾಮ್ ಕಳಿಸಿದ, ಅಲ್ಲಿಯವರು ಹಾಕಲಿಲ್ಲ. ಕಲಿತವರ ವಿಳಾಸ ಕೇಳಿದ, ಕೊಡಲಿಲ್ಲ. ತನ್ನ ಹೆಸರು ತೆಗೆಯಿರಿ ಎಂದಾಗ ಮಾತ್ರ ಅದೇ ದಿನ ತೆಗೆದರು. ಹೇಗೋ ಒಬ್ಬನ ನಂಬರು ಸಿಕ್ಕಿತು. ಬೇರೆ ಊರಲ್ಲಿ ಪೈಲಟ್ ಕೆಲಸಕ್ಕೆ ಸೇರಿದ್ದ ಹುಡುಗ ಖುಷಿಯಿಂದಲೇ ಮಾತಾಡಿದ.

"ನೀವು ಕಲತ ಸಿಮ್ಯುಲೇಟರಿನಾಗ ಒಂದ ತಪ್ಪೈತಿ," ಎಂದ ಈರೇಶ. "ಇಳಿಯೂ ಮುಂದ ಎಂಜಿನ್ ಅಷ್ಟ ಲಗೂ ಏಳಂಗಿಲ್ಲ. ಅದನ್ನ ನಂಬಬ್ಯಾಡ್ರಿ."

"ಈಗಿನ ವಿಮಾನದಾಗ ಎಲ್ಲಾ ಕಂಪ್ಯೂಟರ್ ನೋಡ್ಕೊಂತಾವ್ರಿ ಸರ್, ಚಿಂತಿ ಮಾಡಬ್ಯಾಡ್ರಿ," ಎಂದು ಹುಡುಗ ನಕ್ಕ. ಹಿಂದೆ ಯಾರೋ ಅವನನ್ನು ಕರೆದರು. ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟ.

ಮಾಡಲಿಲ್ಲ. ಈರೇಶ ನಾಲ್ಕೈದು ಸಲ ಮಾಡಿದರೂ ಎತ್ತಲಿಲ್ಲ. ಉಳಿದ ಮೂವತ್ತು ಮಂದಿ ಯಾವ ಊರಲ್ಲಿದ್ದಾರೆ, ಯಾವ ವಿಮಾನದಲ್ಲಿದ್ದಾರೆ ಎಂಬುದು ಅವನಿಗೆ ಗೊತ್ತಾಗಲೇ ಇಲ್ಲ.