ಹನ್ನೊಂದು ಕೆಂಪು ಮುದ್ರೆ

ನಮ್ಮ ವಸತಿಗೃಹದಲ್ಲಿ ಏನಿದ್ದರೂ ಪಾಳಿ ಪುಸ್ತಕಕ್ಕೆ ಬರಬೇಕು. ಜಪಾನಿನ ಇಜುವಿನ ಈ ಬಿಸಿನೀರಿನ ಬುಗ್ಗೆಗೆ ಬರುವ ಯಾವ ಅಜ್ಜನಿಗೆ ಮಂಡಿನೋವು, ಯಾವ ಮಗುವಿಗೆ ಏಡಿ ತಿಂದರೆ ಗಂಧೆ ಏಳುತ್ತದೆ, ಎಲ್ಲವನ್ನೂ ಸಂಜೆ ಪಾಳಿಯವರು ಬರೆದಿಡುತ್ತಾರೆ. ಬೆಳಿಗ್ಗೆ ಬಂದವರು ಓದಿ, ಪಕ್ಕದಲ್ಲಿ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತುತ್ತಾರೆ. ನಾವು ಹನ್ನೆರಡು ಜನ, ಹನ್ನೆರಡು ಮುದ್ರೆ.

ನಾನು ಉತ್ತರದ ನನ್ನೂರು ಅಕಿತಾದಿಂದ ಇಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಆ ಶನಿವಾರ ಮೊದಲ ಸಲ ಒಂದು ಕೋಣೆ ಪೂರ್ತಿ ನನ್ನ ಕೈಗೆ ಬರುವುದಿತ್ತು: ಫೂಜಿ ಕೋಣೆ. ಬಾಗಿಲಲ್ಲಿ ಬಾಗಿ ಸ್ವಾಗತಿಸುವುದರಿಂದ ಹಾಸಿಗೆ ಹಾಸುವವರೆಗೆ ಎಲ್ಲ ನನ್ನದೇ. ಒಂದು ವರ್ಷ ಕಂಡವರ ತಟ್ಟೆ ಹೊತ್ತಿದ್ದೇ ಅದಕ್ಕಾಗಿ.

ನನ್ನದೊಂದು ಗುಟ್ಟಿತ್ತು. ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತಿತ್ತು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಆಮೇಲೆ ನಾನು ನನ್ನಿಂದ ಎರಡು ಹೆಜ್ಜೆ ಹಿಂದೆ ನಿಂತ ಹಾಗೆ. ತಟ್ಟೆ ಹಿಡಿದ ಕೈ ಯಾರದೋ. "ದಾರಿಯಲ್ಲಿ ದಣಿದಿರಬೇಕು, ಬನ್ನಿ" ಅಂತ ಅತಿಥಿಗಳಿಗೆ ಹೇಳುವ ದನಿಯೂ ಯಾರದೋ. ಊರಲ್ಲಿ ಹೀಗೆ ಒಮ್ಮೆಯೂ ಆಗಿರಲಿಲ್ಲ.

ಅದನ್ನು ಕಂಡವರು ತೋಕಿಕೊ-ಸಾನ್ ಒಬ್ಬರೇ. ಮೂವತ್ತು ವರ್ಷದಿಂದ ಇಲ್ಲಿರುವ ಹಿರಿಯ ಪರಿಚಾರಕಿ, ಮಾತಿನ ಮಲ್ಲಿ. ಹಾಸಿಗೆ ಬಟ್ಟೆಯ ಕೋಣೆಯಲ್ಲಿ ನಾನು ಮುದುಡಿ ಕೂತಿದ್ದಾಗ ಬಂದು ತಣ್ಣನೆ ಬಾರ್ಲಿ ಚಹಾದ ಲೋಟ ಕೈಗಿಟ್ಟಿದ್ದರು.

"ಗಟ್ಟಿಯಾಗಿ ಹಿಡ್ಕೋ. ತಣ್ಣಗಿದೆ ತಾನೆ? ತಣ್ಣಗಿದೆ ಅಂತ ಗೊತ್ತಾಗೋದು ನಿನ್ನ ಕೈಗೇ, ಪಕ್ಕದ್ಮನೆಯವಳ ಕೈಗಲ್ಲ. ಈಗ ಕೋಣೆಗಳ ಹೆಸರು ಒಂದೊಂದಾಗಿ ಹೇಳು."

"ಫೂಜಿ... ತ್ಸುಬಾಕಿ... ಕಿಕ್ಯೋ..."

ಎಲ್ಲ ಹೂವಿನ ಹೆಸರುಗಳೇ. ಏಳನೆಯದಕ್ಕೆ ಬರುವಷ್ಟರಲ್ಲಿ ಉಸಿರು ಇಳಿದಿತ್ತು.

"ಯಾರಿಗೂ ಹೇಳ್ಬೇಡಿ," ಅಂದೆ.

"ನನ್ನ ಬಾಯಿ ಉಪ್ಪಿನಕಾಯಿ ಭರಣಿ ಕಣೇ ಚಿಹೊ. ಮೇಲೆ ಕಲ್ಲು ಹೇರಿಟ್ಟಿದೀನಿ."

ಐದು ತಿಂಗಳು ಆ ಲೋಟ, ಆ ಹೆಸರುಗಳಲ್ಲೇ ದಿನ ನೂಕಿದೆ. ಮನೆಗೆ ಫೋನ್ ಮಾಡಿ ಅಮ್ಮನಿಗೂ ಹೇಳದ್ದನ್ನು ಅವರಿಗೆ ಹೇಳಿದೆ.

ಗುರುವಾರ ನನಗೆ ರಜೆ. ಶುಕ್ರವಾರ ಬೆಳಿಗ್ಗೆ ಬಂದರೆ ಎಲ್ಲರೂ ಮೃದು. ಯಾವಾಗಲೂ ರೇಗುವ ಅಡುಗೆಯ ಗೋಂದಾ-ಸಾನ್ ನನ್ನ ತಟ್ಟೆಯಿಂದ ಸಾರಿನ ಬಟ್ಟಲುಗಳನ್ನು ತೆಗೆದಿಟ್ಟರು.

"ಬಿಸಿದು ನಿಂಗೆ ಬೇಡಮ್ಮ. ಉಪ್ಪಿನಕಾಯಿ, ತಣ್ಣನೆ ತೋಫು ತಗೊಂಡು ಹೋಗು, ಸಾಕು."

"ಅಮ್ಮ ಅಂತೀರಾ? ನಿನ್ನೆ ಮೊನ್ನೆವರೆಗೂ ಕತ್ತೆ ಅಂತಿದ್ರಲ್ಲ?"

ಅವರು ನಗಲಿಲ್ಲ. ಹೋಗಿ ಪುಸ್ತಕ ತೆರೆದೆ. ತೋಕಿಕೊ-ಸಾನರ ದುಂಡನೆಯ ಅಕ್ಷರ:

"ಚಿಹೊಗೆ ಗಾಬರಿ ಬರುತ್ತದೆ. ಬಂದಾಗ ತನ್ನ ಕೈ ತನ್ನದಲ್ಲ ಅನ್ನುತ್ತಾಳೆ. ಬಿಸಿ ಪದಾರ್ಥ ಕೊಡಬೇಡಿ. ಶನಿವಾರ ಫೂಜಿ ಕೋಣೆ ನಾನು ನೋಡಿಕೊಳ್ಳುತ್ತೇನೆ."

ಪಕ್ಕದಲ್ಲಿ ಹನ್ನೊಂದು ಕೆಂಪು ಮುದ್ರೆ. ಯಜಮಾನಿಯದೂ ಇತ್ತು. ಹನ್ನೆರಡನೆಯ ಜಾಗ ಖಾಲಿ, ಅದು ನನ್ನದು.

ತೋಕಿಕೊ-ಸಾನ್ ಹಾಸಿಗೆ ಬಟ್ಟೆ ಮಡಚುತ್ತಿದ್ದರು.

"ಹೇಳಲ್ಲ ಅಂದಿದ್ರಿ."

"ಒಬ್ಬರಿಗಾದ್ರೂ ಬಾಯಿಬಿಟ್ಟಿದ್ರೆ ಕೇಳು! ಪುಸ್ತಕದಲ್ಲಿ ಬರೆದೆ, ಅಷ್ಟೆ." ಅವರ ಮುಖದಲ್ಲಿ ತಪ್ಪು ಮಾಡಿದ ಅಳುಕೇ ಇರಲಿಲ್ಲ. "ಬರೀದೆ ಇದ್ರೆ ಮುಚ್ಚಿಟ್ಟ ಹಾಗಾಗುತ್ತೆ. ನಾಳೆ ಯಾರ ಮೇಲಾದ್ರೂ ಬಿಸಿ ಸಾರು ಚೆಲ್ಲಿದ್ರೆ? ಏಡಿ ಆಗದವರ ಹೆಸರು ಬರೆಯಲ್ವಾ ನಾವು? ಹಾಗೇ ಇದೂ."

"ನಾನೇನು ಅತಿಥಿನಾ?"

"ನಿನ್ನ ಒಳ್ಳೇದಕ್ಕೇ ಕಣೇ."

"ಐದು ತಿಂಗಳಲ್ಲಿ ಒಂದು ಹನಿ ಚೆಲ್ಲಿದೀನಾ? ನೀವೇ ಹೇಳಿ."

ಅವರು ದಿಂಬಿನ ಚೀಲದ ಮೂಲೆ ಎಳೆದು ಸರಿಮಾಡಿದರು. ಅಷ್ಟರಲ್ಲಿ ನನಗೆ ಶುರುವಾಯಿತು. ಗೋಡೆ ಹಿಂದೆ ಸರಿಯಿತು, ಬೆರಳು ಜುಮ್ಮೆಂದಿತು. ಅವರಿಗೆ ತಕ್ಷಣ ತಿಳಿಯಿತು, ಓಡಿಹೋಗಿ ಲೋಟ ತಂದರು. ನನ್ನ ಕೈ ಅಭ್ಯಾಸಬಲದಿಂದ ಅರ್ಧ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡೆ. ಹೂವಿನ ಹೆಸರು ಹೇಳೋಣವೆಂದರೆ ಒಂದೊಂದೂ ಅವರ ದನಿಯಲ್ಲೇ ಬರುತ್ತಿತ್ತು, ಬಿಟ್ಟೆ. ಚಾಪೆಯ ಮೇಲೆ ಅಂಗೈ ಊರಿ ಸುಮ್ಮನೆ ಕೂತೆ. ಬಹಳ ಹೊತ್ತು ಹಿಡಿಯಿತು. ಆದರೆ ಹೋಯಿತು.

ಎದ್ದು ಹೋಗಿ ಪುಸ್ತಕದಲ್ಲಿ ಮುದ್ರೆ ಒತ್ತಿದೆ. ಕೆಳಗೆ ಬರೆದೆ: "ಓದಿದೆ. ಬರುತ್ತದೆ, ತಾನಾಗಿ ಹೋಗುತ್ತದೆ. ಇದುವರೆಗೆ ಏನೂ ಚೆಲ್ಲಿಲ್ಲ. ಫೂಜಿ ಕೋಣೆ ನನಗೆ ಕೊಡಿ."

ಶನಿವಾರ ಬೆಳಿಗ್ಗೆ ಅದರ ಪಕ್ಕವೂ ಹನ್ನೊಂದು ಮುದ್ರೆ ಬಿದ್ದಿದ್ದವು. ಓದಿದ್ದರು, ಅಷ್ಟೆ. "ಮುಂದಿನ ವರ್ಷ ನೋಡೋಣ" ಅಂದರು ಯಜಮಾನಿ, ನನ್ನ ಭುಜ ಸವರಿ.

ಸಂಜೆ ಫೂಜಿ ಕೋಣೆಯ ಹೊರಗೆ ಅತಿಥಿಗಳ ಚಪ್ಪಲಿ ಜೋಡಿಸುತ್ತಿದ್ದೆ. ಉಸಿರು ಸರಿಯಾಗಿತ್ತು. ಕೈ ನನ್ನದೇ ಆಗಿತ್ತು. ಕಾಗದದ ಬಾಗಿಲಿನಾಚೆಯಿಂದ ಕೇಳಿಸಿತು:

"ದಾರಿಯಲ್ಲಿ ದಣಿದಿರಬೇಕು, ಬನ್ನಿ."

ಈ ಸಲ ಆ ದನಿ ನಿಜಕ್ಕೂ ನನ್ನದಾಗಿರಲಿಲ್ಲ.